ಕೋಚ್‌ಗೆ ಹತ್ತಕ್ಕೆ ಒಂಬತ್ತು, ಬುಕಿಂಗ್ ಫಾರ್ಮ್‌ಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಇದು ಟ್ಯೂಷನ್ ಅಲ್ಲ. ನಮ್ಮ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳಿಗೆ ಅಂತ ಇರುವ ಅಕಾಡೆಮಿಕ್ ಕೋಚಿಂಗ್ ಮತ್ತು ವೆಲ್‌ಬೀಯಿಂಗ್ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಕೋಚಿಂಗ್ ಅಂದ ಕೂಡಲೇ ನೂರು ಜನರನ್ನು ಒಂದೇ ರೂಮಿನಲ್ಲಿ ಕೂರಿಸಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು ನೆನಪಾಗುತ್ತದೆ, ಅಲ್ವಾ? ಇಲ್ಲಿ ಯಾರೂ ಪಾಠ ಮಾಡುವುದಿಲ್ಲ. ಒಬ್ಬರು ನಿಮ್ಮ ಎದುರು ಕೂತು, ಓದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಕೇಳುತ್ತಾರೆ. ಅಷ್ಟೇ. ನಾನು ಒಂದು ಸೆಮಿಸ್ಟರ್‌ನಲ್ಲಿ ಇದನ್ನು ಬಳಸಿದೆ. ಕೋಚ್ ಜೊತೆ ಆರು ಸಲ, ಕೌನ್ಸೆಲರ್ ಜೊತೆ ನಾಲ್ಕು ಸಲ, ಒಂದು ವರ್ಕ್‌ಶಾಪ್, ಮೇಲೆ ಅವರೇ ಕೊಟ್ಟ ಒಂದು ಆ್ಯಪ್. ಒಂದೊಂದರ ಬಗ್ಗೆಯೂ ನನ್ನ ಅಭಿಪ್ರಾಯ ಬೇರೆ ಬೇರೆ.

ಅಂದಹಾಗೆ, ಕೋಚ್ ಅನ್ನುವ ಪದ ಬಂದದ್ದು ಹಂಗೇರಿಯ ಕೋಚ್ ಎಂಬ ಊರಿನ ಕುದುರೆಗಾಡಿಯಿಂದ. 1830ರ ದಶಕದಲ್ಲಿ ಆಕ್ಸ್‌ಫರ್ಡ್ ಹುಡುಗರು ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ತಮಾಷೆಗೆ ಹಾಗೆ ಕರೆಯತೊಡಗಿದರಂತೆ, ಗಾಡಿ ಹತ್ತಿಸಿಕೊಂಡು ಊರು ಮುಟ್ಟಿಸುವವರು ಅಂತ. ನನ್ನ ಕೋಚ್ ಗಾಡಿ ಹತ್ತಿಸಲಿಲ್ಲ. ಪಕ್ಕದಲ್ಲಿ ನಡೆದುಕೊಂಡು ಬಂದರು.

ನಾನು ಹೋದಾಗ ನನ್ನ ಸ್ಥಿತಿ ಹೇಗಿತ್ತು ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ಅಸೈನ್‌ಮೆಂಟ್ ಬಾಕಿ. ಒಂದರ ಡೆಡ್‌ಲೈನ್ ಆಗಲೇ ದಾಟಿತ್ತು. ಲ್ಯಾಪ್‌ಟಾಪ್‌ನಲ್ಲಿ ‘ಫೈನಲ್ 2’ ಅಂತ ಒಂದು ಫೈಲ್ ಇತ್ತು, ಅದರೊಳಗೆ ಇದ್ದದ್ದು ಶೀರ್ಷಿಕೆ ಮತ್ತು ನನ್ನ ರಿಜಿಸ್ಟರ್ ನಂಬರ್. ಶೀರ್ಷಿಕೆಯ ಫಾಂಟ್ ಮಾತ್ರ ನಾಲ್ಕು ಸಲ ಬದಲಾಗಿತ್ತು. ಅಸೈನ್‌ಮೆಂಟ್ ಕೊಟ್ಟ ಲೆಕ್ಚರರ್ ಕಳಿಸಿದ ಒಂದು ಮೇಲ್ 19 ದಿನದಿಂದ ತೆರೆಯದೆ ಬಿದ್ದಿತ್ತು. ದಿನಾ ಅದರ ಮೇಲೆ ಕಣ್ಣು ಬೀಳುತ್ತಿತ್ತು, ಎದೆ ಧಸಕ್ ಅನ್ನುತ್ತಿತ್ತು, ನಾಳೆ ಬಾ ಅಂತ ಅದಕ್ಕೆ ಹೇಳಿ ಕೆಳಗೆ ಸರಿಸುತ್ತಿದ್ದೆ. ಓದು ತಲೆಗೆ ಹತ್ತದ ಕೇಸ್ ಅಲ್ಲ ನನ್ನದು. ಆದರೆ ಕ್ಲಾಸಿಗೆ ಹೋದರೆ ಅವರ ಮುಖ ನೋಡಬೇಕಲ್ಲ ಅಂತ ಕ್ಲಾಸಿಗೆ ಹೋಗುವುದೇ ಬಿಟ್ಟಿದ್ದೆ, ಹೋಗದೆ ಇದ್ದದ್ದಕ್ಕೆ ಪಾಠ ಹಿಂದೆ ಬಿತ್ತು, ಪಾಠ ಹಿಂದೆ ಬಿದ್ದದ್ದಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ನಿದ್ದೆ ಇಲ್ಲದ್ದಕ್ಕೆ ಬೆಳಗಿನ ಕ್ಲಾಸ್ ತಪ್ಪುತ್ತಿತ್ತು. ಹೀಗೆ ಸುತ್ತಿ ಸುತ್ತಿ ಅಲ್ಲಿಗೇ.

ಈಗ ಬುಕಿಂಗ್. ಫಾರ್ಮ್ ತೆರೆದರೆ ಮೊದಲ ಪ್ರಶ್ನೆಯೇ ‘ನಿಮ್ಮ ಸಮಸ್ಯೆ ಯಾವುದು?’ ಕೆಳಗೆ ಎರಡು ಆಯ್ಕೆ: ಓದಿಗೆ ಸಂಬಂಧಿಸಿದ್ದು, ಮನಸ್ಸಿಗೆ ಸಂಬಂಧಿಸಿದ್ದು. ಎರಡರಲ್ಲಿ ಒಂದನ್ನೇ ಟಿಕ್ ಮಾಡಬೇಕು. ಎರಡೂ ಅಂತ ಹೇಳಲು ಜಾಗ ಇಲ್ಲ. ಆರ್ಕೆಸ್ಟ್ರಾದವರನ್ನು ಕರೆಸಿ ಹಾಡು ಬೇಕಾ ತಾಳ ಬೇಕಾ ಅಂತ ಕೇಳಿದ ಹಾಗೆ. ನಾನು ಹತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ, ಆಮೇಲೆ ಓದು ಅಂತ ಒತ್ತಿದೆ. ಮನಸ್ಸು ಅಂತ ಒತ್ತಲು ನಾಚಿಕೆ, ಇನ್ನೇನು. ಕೋಚ್ ಐದನೇ ದಿನ ಸಿಕ್ಕಿದರು. ಆಮೇಲೆ ಮನಸ್ಸಿನ ಕಡೆಗೂ ಹೆಸರು ಕೊಟ್ಟಾಗ ಕೌನ್ಸೆಲರ್ ಸಿಕ್ಕಿದ್ದು 23ನೇ ದಿನ.

ಮೊದಲ ಭೇಟಿ 50 ನಿಮಿಷ. ಕೋಚ್ ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಹೆಸರು ಹಿಡಿದು ಕರೆಯಿರಿ ಅಂದರು, ನನ್ನ ಬಾಯಲ್ಲಿ ಬಂದದ್ದು ಸರ್ ಅಂತಲೇ. ನಾನು ಮನೆಯಿಂದ ದೊಡ್ಡ ಭಾಷಣ ತಯಾರಿ ಮಾಡಿಕೊಂಡು ಹೋಗಿದ್ದೆ, ಟೈಮ್ ಮ್ಯಾನೇಜ್‌ಮೆಂಟ್ ಕಲಿಯಬೇಕು, ಶಿಸ್ತು ಬರಬೇಕು, ಹೀಗೆ. ಅವರು ಎಲ್ಲಾ ಕೇಳಿಸಿಕೊಂಡು, ‘ಈಗ ನೀವು ಯಾವುದನ್ನು ನೋಡಲು ಹೆದರುತ್ತಿದ್ದೀರಿ?’ ಅಂದರು. ನಾನು ಸುಮ್ನೆ ಕೂತೆ. ಆಮೇಲೆ ಮೇಲ್ ವಿಷಯ ಹೇಳಿದೆ.

‘ಲ್ಯಾಪ್‌ಟಾಪ್ ಇದೆಯಾ?’

‘ಇದೆ ಸರ್.’

‘ನಾನು ಸ್ಕ್ರೀನ್ ನೋಡುವುದಿಲ್ಲ. ನೀವು ತೆರೆಯಿರಿ. ನಾನು ಇಲ್ಲೇ ಇರುತ್ತೇನೆ.’

ಅವರು ಕುರ್ಚಿಯನ್ನು ಕಿಟಕಿ ಕಡೆಗೆ ತಿರುಗಿಸಿಕೊಂಡರು. ಕರ್ಸರ್ ಅನ್ನು ಆ ಮೇಲ್ ಮೇಲೆ ಇಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ, ಅಂಗೈ ಬೆವರಿ ಟಚ್‌ಪ್ಯಾಡ್ ಒದ್ದೆಯಾಗಿತ್ತು. ಕೊನೆಗೆ ಒತ್ತಿದೆ. ಎರಡೇ ಸಾಲು. ಅಸೈನ್‌ಮೆಂಟ್ ಬಂದಿಲ್ಲ, ಆರೋಗ್ಯ ಸರಿ ಇದೆ ತಾನೆ, ತಡವಾಗಿ ಕೊಟ್ಟರೂ ತಗೊಳ್ಳುತ್ತೇನೆ, ಮಾರ್ಕ್ಸ್ ಸ್ವಲ್ಪ ಕಡಿತ ಆಗುತ್ತದೆ. ಬೈಗುಳ ಇಲ್ಲ, ಏನಿಲ್ಲ. 19 ದಿನ ನಾನು ತಲೆಯಲ್ಲಿ ಬರೆದುಕೊಂಡಿದ್ದ ಮೇಲ್ ಇದಲ್ಲವೇ ಅಲ್ಲ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸರ್ ಉಪದೇಶ ಮಾಡಲಿಲ್ಲ. ‘ಉತ್ತರ ಇಲ್ಲೇ ಬರೆದುಬಿಡೋಣ, ಮೂರು ಸಾಲು ಸಾಕು’ ಅಂದರು. ಕ್ಷಮೆ ಕೇಳುವುದಕ್ಕೆ ನಾನು ಒಂದು ಪ್ಯಾರಾ ಬರೆದಿದ್ದೆ, ಅದನ್ನು ಒಂದು ವಾಕ್ಯಕ್ಕೆ ಇಳಿಸಿದರು. ಈ 50 ನಿಮಿಷಕ್ಕೇ ನಾನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದು. ಒಂದು ಅಂಕ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಎರಡನೇ ಸಲ ಒಂದು ಖಾಲಿ ಚಾರ್ಟ್ ಕೊಟ್ಟರು. ವಾರಕ್ಕೆ 168 ಗಂಟೆ, ಅಷ್ಟೂ ಚೌಕ. ಹೇಗೆ ಕಳೆಯಬೇಕು ಅಂತ ಅಲ್ಲ, ಹೋದ ವಾರ ಹೇಗೆ ಕಳೆದಿರಿ ಅಂತ ತುಂಬಿಸಿ ಅಂದರು. ಇದು ಜಾಣತನ. ಮುಂದಿನ ವಾರದ ಟೈಮ್‌ಟೇಬಲ್ ಹಾಕು ಅಂದರೆ ನಾವೆಲ್ಲಾ ಬೆಳಗ್ಗೆ ಐದಕ್ಕೆ ಏಳುವ ಮಹಾನುಭಾವರೇ. ನಿದ್ದೆ, ಕ್ಲಾಸ್, ಓಡಾಟ, ಬಟ್ಟೆ ಒಗೆಯುವುದು ಎಲ್ಲಾ ಬರೆದ ಮೇಲೂ 30 ಚೌಕ ಖಾಲಿ ಉಳಿಯಿತು, ಆ ಗಂಟೆಗಳು ಎಲ್ಲಿ ಹೋದವು ಅಂತ ನನಗೇ ಗೊತ್ತಿಲ್ಲ. ಓದಿದ್ದೂ ಅಲ್ಲ, ಆಡಿದ್ದೂ ಅಲ್ಲ. ಪುಸ್ತಕದ ಮುಂದೆ ಕೂತು ಫೋನ್ ನೋಡುತ್ತಾ ಓದಬೇಕು ಓದಬೇಕು ಅಂದುಕೊಂಡ ಗಂಟೆಗಳು ಅವು.

ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ನಾನು ಹಾಕಿದ ಲೆಕ್ಕ ನೋಡಿ ಸರ್ ನಕ್ಕರು. ರಿಪೋರ್ಟ್ ಒಂದು ಸಂಜೆಯಲ್ಲಿ ಮುಗಿಯುತ್ತದೆ ಅಂತ ಬರೆದಿದ್ದೆ. ಆಗ ಅವರು ಹೇಳಿದ ಒಂದು ಅಧ್ಯಯನ ನನಗೆ ಇನ್ನೂ ನೆನಪಿದೆ, ಆಮೇಲೆ ಹುಡುಕಿ ಓದಿದೆ ಕೂಡ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನುವವರು ಪ್ರಕಟಿಸಿದ್ದು. ಪದವಿಯ ಕೊನೆಯಲ್ಲಿ ಥೀಸಿಸ್ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲಾ ಎಡವಟ್ಟಾದರೆ ಎಷ್ಟು ಅಂತ ಕೇಳಿದ್ದಕ್ಕೆ ಸುಮಾರು 49 ಅಂದರು. ನಿಜವಾಗಿ ಆದದ್ದು 55 ದಿನದ ಮೇಲೆ. ಅಂದರೆ ಎಡವಟ್ಟನ್ನೂ ನಾವು ಆಸೆಯಿಂದಲೇ ಲೆಕ್ಕ ಹಾಕುತ್ತೇವೆ. ಅವತ್ತಿನಿಂದ ನಾನು ಅಂದುಕೊಂಡದ್ದಕ್ಕೆ ಒಂದೂವರೆ ಪಟ್ಟು ಬರೆದುಕೊಳ್ಳುತ್ತೇನೆ, ಆದರೂ ಕೆಲವು ಸಲ ಸಾಲುವುದಿಲ್ಲ.

ಓದುವ ರೀತಿ ಬದಲಾದದ್ದು ಮೂರನೇ ಭೇಟಿಯಲ್ಲಿ. ನಾನು ಹೈಲೈಟರ್ ಪಾರ್ಟಿ. ಹಳದಿ, ಹಸಿರು, ಗುಲಾಬಿ, ಪುಸ್ತಕ ನೋಡಿದರೆ ಹಬ್ಬ. ಸರ್ ಒಂದು ಅಧ್ಯಾಯ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟು, ನೆನಪಿರುವುದನ್ನು ಬರೆಯಿರಿ ಅಂದರು. ಮೂರು ಸಲ ಓದಿದ್ದ ಅಧ್ಯಾಯ ಅದು. ಆರು ಸಾಲು ಬಂತು, ಅದರಲ್ಲಿ ಎರಡು ತಪ್ಪು. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು. ಇದಕ್ಕೂ ಹಳೇ ಲೆಕ್ಕ ಇದೆ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು: ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷ ಆದಮೇಲೆ ಕೇಳಿದರೆ ಚೆನ್ನಾಗಿ ಹೇಳಿದರು, ಒಂದು ವಾರ ಬಿಟ್ಟು ಕೇಳಿದಾಗ ಶೇ 40ರಷ್ಟು ಮಾತ್ರ ನೆನಪಿತ್ತು. ಒಂದು ಸಲ ಓದಿ, ಆಮೇಲೆ ಮುಚ್ಚಿಟ್ಟು ಮೂರು ಸಲ ನೆನಪು ಮಾಡಿಕೊಂಡು ಬರೆದವರಿಗೆ ಶೇ 61. ಮತ್ತೆ ಮತ್ತೆ ಓದುವಾಗ ಎಲ್ಲಾ ಗೊತ್ತಿದೆ ಅನ್ನಿಸುವುದು ಪುಸ್ತಕ ಕಣ್ಣೆದುರು ಇರುವವರೆಗೆ ಮಾತ್ರ. ನನ್ನ ಹೈಲೈಟರ್‌ಗಳು ಈಗ ಪೆನ್ ಸ್ಟ್ಯಾಂಡಿನಲ್ಲಿ ಒಣಗುತ್ತಿವೆ.

ಇಷ್ಟೆಲ್ಲಾ ಕೇಳಿ ಕೋಚ್ ಎಂದರೆ ಎಲ್ಲಾ ಮಾಡಿಕೊಡುತ್ತಾರೆ ಅಂದುಕೊಳ್ಳಬೇಡಿ. ಅಸೈನ್‌ಮೆಂಟ್ ತಿದ್ದುವುದಿಲ್ಲ. ಎಕ್ಸ್‌ಟೆನ್ಷನ್ ಕೊಡಿಸುವುದಿಲ್ಲ, ಅದು ಡಿಪಾರ್ಟ್‌ಮೆಂಟ್ ಕೈಯಲ್ಲಿ. ಸಬ್ಜೆಕ್ಟ್ ಡೌಟ್ ಕೇಳಿದರೆ ಆ ಲೆಕ್ಚರರ್ ಆಫೀಸ್ ಅವರ್ ಯಾವಾಗ ಅಂತ ವಾಪಸ್ ಕೇಳುತ್ತಾರೆ. ನನ್ನ ಗೆಳತಿಯೊಬ್ಬಳು ಪ್ರೂಫ್ ನೋಡಿಕೊಡುತ್ತಾರೆ ಅಂತ ಹೋಗಿ, ಸಿಟ್ಟಿನಲ್ಲಿ ವಾಪಸ್ ಬಂದಳು. ಅವಳದ್ದೂ ತಪ್ಪಲ್ಲ, ಪೋಸ್ಟರ್‌ನಲ್ಲಿ ‘ನಿಮ್ಮ ಯಶಸ್ಸಿಗೆ ಸಂಪೂರ್ಣ ನೆರವು’ ಅಂತ ಬರೆದಿದ್ದಾರೆ.

ಒಂದು ಅಂಕ ಕಡಿಮೆ ಆದದ್ದು ರದ್ದತಿ ನಿಯಮದಿಂದ. 24 ಗಂಟೆ ಮೊದಲು ಹೇಳದೆ ಎರಡು ಸಲ ತಪ್ಪಿಸಿದರೆ ಆ ಸೆಮಿಸ್ಟರ್‌ಗೆ ನಿಮ್ಮ ಹೆಸರು ಕಿತ್ತುಹಾಕುತ್ತಾರೆ. ಬೇರೆಯವರಿಗೆ ಸ್ಲಾಟ್ ಹಾಳಾಗಬಾರದು ನಿಜ. ಆದರೆ ಇಲ್ಲಿಗೆ ಬರುವವರು ಯಾರು? ಟೈಮಿಗೆ ಸರಿಯಾಗಿ ಬರಲು ಆಗದವರು, ಮೇಲ್ ತೆರೆಯಲು ಹೆದರುವವರು. ಅವರಿಗೇ ಈ ನಿಯಮವನ್ನು ಮೇಲ್‌ನಲ್ಲಿ ಕಳಿಸುತ್ತಾರೆ! ನಾನು ಒಂದು ಸಲ ತಪ್ಪಿಸಿದೆ, ನಿದ್ದೆ ಹತ್ತಿಬಿಟ್ಟಿತ್ತು. ಎಚ್ಚರವಾದಾಗ ಬಂದ ಎಚ್ಚರಿಕೆಯ ಮೇಲ್‌ನ ಭಾಷೆ ನೋಡಿ, ಇನ್ನು ಹೋಗುವುದೇ ಬೇಡ ಅನ್ನಿಸಿತ್ತು. ಸಂಜೆ ಸರ್ ತಾವೇ ಫೋನ್ ಮಾಡಿ ‘ಇವತ್ತು ಸಿಗಲಿಲ್ಲ, ಹುಷಾರಾಗಿದ್ದೀರಾ?’ ಅಂದರು. ಆ ಫೋನ್ ಬಾರದಿದ್ದರೆ ನನ್ನ ರಿವ್ಯೂ ಇಲ್ಲಿಗೇ ಮುಗಿಯುತ್ತಿತ್ತು.

ಆಮೇಲಿನ ಎರಡು ಭೇಟಿ ಫೋನಿನಲ್ಲೇ ಆದವು, ಏನೂ ಕೊರತೆ ಅನ್ನಿಸಲಿಲ್ಲ. ಅಮೆರಿಕದಲ್ಲಿ 13 ಸಾವಿರಕ್ಕೂ ಜಾಸ್ತಿ ವಿದ್ಯಾರ್ಥಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಬೆಟಿಂಗರ್ ಮತ್ತು ಬೇಕರ್ ಅವರ ಅಧ್ಯಯನದಲ್ಲೂ ಕೋಚ್‌ಗಳು ಮಾತಾಡಿದ್ದು ಹೆಚ್ಚಾಗಿ ಫೋನಿನಲ್ಲೇ. ಕೋಚ್ ಸಿಕ್ಕವರು ಓದು ಬಿಡದೆ ಮುಂದುವರಿದದ್ದು ಜಾಸ್ತಿ, ಕೋಚಿಂಗ್ ಮುಗಿದ ಮೇಲೂ ಆ ವ್ಯತ್ಯಾಸ ಉಳಿದಿತ್ತು.

ಆ್ಯಪ್ ಬಗ್ಗೆ ಜಾಸ್ತಿ ಬರೆಯುವುದಕ್ಕೆ ಏನೂ ಇಲ್ಲ. ಒಂದು ನೀಲಿ ಗುಳ್ಳೆ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ, ಅದರ ಜೊತೆ ಉಸಿರಾಡಬೇಕು. ರಾತ್ರಿ 11ಕ್ಕೆ ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಅಂತ ನೋಟಿಫಿಕೇಶನ್. ಐದು ಮುಖದ ಚಿತ್ರದಲ್ಲಿ ಒಂದನ್ನು ಒತ್ತಬೇಕು. ನಾನು ಒಂಬತ್ತು ದಿನ ಸತತವಾಗಿ ಅಳುವ ಮುಖ ಒತ್ತಿದೆ, ಯಾರಾದರೂ ವಿಚಾರಿಸುತ್ತಾರಾ ಅಂತ ನೋಡಲು. ಹತ್ತನೇ ದಿನ ಒಂದು ಪದಕ ಬಂತು, ಸತತ ಬಳಕೆಗೆ ಅಭಿನಂದನೆ ಅಂತ. ಅನ್‌ಇನ್‌ಸ್ಟಾಲ್ ಮಾಡಿದೆ. ಓರಿಯೊಪೌಲಸ್ ಮತ್ತು ಪೆಟ್ರೊನಿಯೆವಿಚ್ ಅನ್ನುವ ಅರ್ಥಶಾಸ್ತ್ರಜ್ಞರು ಕೆನಡಾದ ಒಂದು ಯೂನಿವರ್ಸಿಟಿಯ ಮೊದಲ ವರ್ಷದವರ ಮೇಲೆ ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಕೆಲವರಿಗೆ ಆನ್‌ಲೈನ್ ಅಭ್ಯಾಸ, ಕೆಲವರಿಗೆ ಫೋನಿಗೆ ಮೆಸೇಜ್, ಕೆಲವರಿಗೆ ಎದುರು ಕೂತು ಮಾತಾಡುವ ಕೋಚ್. ಮಾರ್ಕ್ಸ್ ಏರಿದ್ದು ಕೋಚ್ ಸಿಕ್ಕವರದು ಮಾತ್ರ. ಆ್ಯಪ್ ಲೈಸೆನ್ಸ್‌ಗೆ ಕೊಡುವ ದುಡ್ಡಲ್ಲಿ ಇನ್ನೊಬ್ಬ ಕೌನ್ಸೆಲರ್ ಇಟ್ಟುಕೊಳ್ಳಬಾರದಾ ಅನ್ನುವುದು ನನ್ನ ಸಣ್ಣ ಪ್ರಶ್ನೆ.

ವರ್ಕ್‌ಶಾಪ್ ಇನ್ನೂ ಕಳಪೆ. ದೊಡ್ಡ ಹಾಲ್, ಎರಡು ಗಂಟೆ, ಸ್ಲೈಡ್ ಮೇಲೆ ಸ್ಲೈಡ್. ನೀವು ನೋಡಿ ಕಲಿಯುವವರಾ, ಕೇಳಿ ಕಲಿಯುವವರಾ, ಮಾಡಿ ಕಲಿಯುವವರಾ ಅಂತ ಒಂದು ಕ್ವಿಜ್ ಬೇರೆ. ನಾನು ‘ನೋಡಿ ಕಲಿಯುವವರು’ ಗುಂಪಿಗೆ ಬಂದೆ, ಹೈಲೈಟರ್ ಬಳಸಿ ಅಂತ ಸಲಹೆ ಕೊಟ್ಟರು! ಅದೇ ಕಟ್ಟಡದಲ್ಲಿ ಎರಡು ರೂಮ್ ಆಚೆ ನನ್ನ ಕೋಚ್ ಅದನ್ನು ಬಿಡಿಸಲು ಒದ್ದಾಡುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಲಿಕೆಯ ಶೈಲಿ ಇರುತ್ತದೆ, ಅದಕ್ಕೆ ಹೊಂದಿಸಿ ಕಲಿಸಿದರೆ ಜಾಸ್ತಿ ಬರುತ್ತದೆ ಅನ್ನುವುದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ಪ್ಯಾಶ್ಲರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದಾರೆ. ಒಂದೇ ಸೇವೆಯ ಎರಡು ಕೈ ಪರಸ್ಪರ ಮಾತಾಡುವುದಿಲ್ಲ ಅಂತ ಆಗಲೇ ಅನುಮಾನ ಬಂತು.

ಕೌನ್ಸೆಲಿಂಗ್‌ಗೆ ಹೋದಾಗ ಅದು ಖಾತ್ರಿ ಆಯಿತು. 23 ದಿನ ಕಾದು ಹೋಗಿದ್ದೇನೆ. ರಿಸೆಪ್ಶನ್‌ನಲ್ಲಿ ಒಬ್ಬರಿಗೆ ಕಥೆ ಹೇಳಿದೆ. ಮೊದಲ ವಿಚಾರಣೆ ಮಾಡುವವರು ಅಂತ ಇನ್ನೊಬ್ಬರಿಗೆ ಮತ್ತೆ ಹೇಳಿದೆ. ಕೌನ್ಸೆಲರ್ ಮೇಡಂ ಮುಂದೆ ಮೂರನೇ ಸಲ. ಅಷ್ಟರಲ್ಲಿ ನನ್ನ ಕಥೆ ನನಗೇ ಬೇಜಾರಾಗಿ, ಮುಖ್ಯವಾದದ್ದನ್ನೇ ಹಾರಿಸಿ ಹೇಳಿದೆ. ಕೋಚ್ ಬರೆದಿಟ್ಟ ನೋಟ್ಸ್ ಇವರಿಗೆ ಕಾಣುವುದಿಲ್ಲ. ಗೌಪ್ಯತೆ, ಒಪ್ಪುತ್ತೇನೆ, ನನಗೆ ಗೊತ್ತಿಲ್ಲದೆ ಹಂಚಬಾರದು. ಆದರೆ ನನ್ನ ಒಪ್ಪಿಗೆ ಕೇಳಲು ಒಂದು ಫಾರ್ಮ್ ಇದೆ, ಅದನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಮೂರನೇ ಭೇಟಿಯಲ್ಲಿ ಮೇಡಂ ಅವರೇ ಹುಡುಕಿ ತೆಗೆದು ಸಹಿ ಹಾಕಿಸಿಕೊಂಡರು.

ಮೇಡಂ ಮಾತ್ರ ತುಂಬಾ ಒಳ್ಳೆಯವರು. ಕೂತ ಕೂಡಲೇ, ಇಲ್ಲಿ ಹೇಳಿದ್ದು ಮನೆಗಾಗಲಿ ಡಿಪಾರ್ಟ್‌ಮೆಂಟಿಗಾಗಲಿ ಹೋಗುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತದೆ, ಆಗಲೂ ಮೊದಲು ನಿಮಗೆ ತಿಳಿಸುತ್ತೇನೆ ಅಂದರು. ಒಂಬತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು, ಪಿಎಚ್‌ಕ್ಯೂ-9 ಅಂತ, ಖಿನ್ನತೆಯ ಲಕ್ಷಣ ಎಷ್ಟಿದೆ ಅಂತ ನೋಡಲು. ಕಳೆದ ಎರಡು ವಾರ ಹೇಗಿತ್ತು ಅಂತ ಪ್ರತಿ ಪ್ರಶ್ನೆಗೆ 0ರಿಂದ 3ರವರೆಗೆ ಅಂಕ. ಒಟ್ಟು 27ಕ್ಕೆ ನನ್ನದು 11 ಬಂತು. ಪರೀಕ್ಷೆಯಲ್ಲಿ ಬರದಿದ್ದರೂ ಇಲ್ಲಿ ಬಂತಲ್ಲ ಅಂತ ನಾನು ಜೋಕ್ ಮಾಡಿದೆ, ಅವರು ನಗಲಿಲ್ಲ, ಆಮೇಲೆ ನಕ್ಕರು. 10ರಿಂದ 14 ಅಂದರೆ ಮಧ್ಯಮ ಮಟ್ಟ, ಇದು ಕಾಯಿಲೆಯ ಹೆಸರಲ್ಲ, ಮಾತು ಶುರು ಮಾಡಲು ಒಂದು ಅಳತೆ ಅಂತ ವಿವರಿಸಿದರು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ನಾನು 0 ಹಾಕಿದ್ದರೂ ಅದನ್ನು ಬಾಯಿಬಿಟ್ಟು ಮತ್ತೊಮ್ಮೆ ಕೇಳಿದರು, ಗಡಿಬಿಡಿ ಮಾಡದೆ. ಹಾಗೆ ನೇರವಾಗಿ ಕೇಳಿದ್ದು ನನಗೆ ಸಮಾಧಾನವೇ ಆಯಿತು.

ಕೋಚ್‌ಗೂ ಕೌನ್ಸೆಲರ್‌ಗೂ ವ್ಯತ್ಯಾಸ ಏನು ಅಂತ ಬಹಳ ಜನ ಕೇಳುತ್ತಾರೆ. ಸರ್ ಕೇಳುತ್ತಿದ್ದದ್ದು ‘ಗುರುವಾರದೊಳಗೆ ಏನು ಮಾಡುತ್ತೀರಿ?’ ಅಂತ. ಮೇಡಂ ಕೇಳುತ್ತಿದ್ದದ್ದು ‘ಗುರುವಾರ ಹತ್ತಿರ ಬಂದಾಗ ಒಳಗೆ ಏನಾಗುತ್ತದೆ?’ ಅಂತ. ಮುಂದಕ್ಕೆ ಹಾಕುವುದು ಸೋಮಾರಿತನ ಅಂತಲೇ ನಾನು ನಂಬಿದ್ದೆ. ಸಿರೋಯಿಸ್ ಮತ್ತು ಪಿಚಿಲ್ ಅನ್ನುವ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಪ್ರಕಾರ ಅದು ಟೈಮ್ ಸಮಸ್ಯೆಗಿಂತ ಮನಸ್ಸಿನ ಸಮಸ್ಯೆ, ಕೆಲಸ ನೆನೆದರೆ ಆಗುವ ಕಿರಿಕಿರಿಯಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳುವ ದಾರಿ. ಮೇಡಂ ಇದನ್ನು ಹೇಳಿದಾಗ ನನಗೆ ನೆನಪಾದದ್ದು ಆ ಫೈಲ್‌ನ ಫಾಂಟ್. ಹಾಗಾದರೆ ಓದು, ಮನಸ್ಸು ಅಂತ ಆ ಫಾರ್ಮ್ ಗೆರೆ ಎಳೆದದ್ದು ಎಲ್ಲಿ?

ನಾಲ್ಕು ಭೇಟಿ ಆದಮೇಲೆ ಮಿತಿ ಮುಗಿಯಿತು. ಹೊರಗೆ ನೋಡಿಕೊಳ್ಳಿ ಅಂತ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಎರಡು ನಂಬರ್ ಚಾಲ್ತಿಯಲ್ಲೇ ಇಲ್ಲ, ಇನ್ನೊಂದು ಯಾವುದೋ ಮನೆಗೆ ಹೋಯಿತು. ಪಟ್ಟಿ ಮಾಡಿದವರು ಒಂದು ಸಲವಾದರೂ ಫೋನ್ ಮಾಡಿ ನೋಡಬಹುದಿತ್ತು. ಇನ್ನೊಂದು ವಿಷಯ, ತುರ್ತು ಇದ್ದವರಿಗೆ ಅದೇ ದಿನ ನೋಡುವ ಸ್ಲಾಟ್ ಅಂತ ಇಟ್ಟಿರುತ್ತಾರೆ, ಅದು ಅವರ ಪೇಜಿನ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನೀವು ಇರುವ ಕಡೆಯೂ ಇರಬಹುದು. ತೀರಾ ಕಷ್ಟ ಆಗುತ್ತಿದ್ದರೆ ಫಾರ್ಮ್ ತುಂಬುತ್ತಾ ಕೂರಬೇಡಿ, ನೇರ ಹೋಗಿ ಅಥವಾ ಫೋನ್ ಮಾಡಿ ‘ಇವತ್ತೇ ಬೇಕು’ ಅನ್ನಿ.

ಫಲಿತಾಂಶ ಏನಾಯಿತು? ಒಂದು ಅಸೈನ್‌ಮೆಂಟ್ ತಡವಾಗಿ ಕೊಟ್ಟು ಮಾರ್ಕ್ಸ್ ಕಳೆದುಕೊಂಡೆ, ಇನ್ನೊಂದನ್ನು ಡೆಡ್‌ಲೈನ್‌ಗೆ ನಾಲ್ಕು ಗಂಟೆ ಮೊದಲು ಕೊಟ್ಟೆ. ಹಿಂದಿನ ಸಲ 41 ಬಂದಿದ್ದ ವಿಷಯದಲ್ಲಿ ಈ ಸಲ 58. ಇನ್ನೊಂದು ವಿಷಯ ಎಲ್ಲಿತ್ತೋ ಅಲ್ಲೇ ಇದೆ. ನಿದ್ದೆ ಪರವಾಗಿಲ್ಲ. ಸೆಮಿಸ್ಟರ್‌ನ ಮೂರನೇ ವಾರದಲ್ಲೇ ಹೋಗಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ನಾನು ಹೋದದ್ದು ಒಂಬತ್ತನೇ ವಾರ, ಆಗ ಕೋಚ್ ಮಾಡುವುದೆಲ್ಲಾ ಬೆಂಕಿ ಆರಿಸುವ ಕೆಲಸ. ಪರೀಕ್ಷೆ ಹತ್ತಿರ ಬಂದಂತೆ ಸ್ಲಾಟ್ ಸಿಗುವುದೂ ಕಷ್ಟ.

ಹೋದ ವಾರ ಮುಂದಿನ ಸೆಮಿಸ್ಟರ್‌ಗೆ ಬುಕಿಂಗ್ ತೆರೆದರು. ಮೇಲ್ ಬಂದ ದಿನವೇ ತೆರೆದೆ. ಅದೇ ಫಾರ್ಮ್, ಅದೇ ಮೊದಲ ಪ್ರಶ್ನೆ, ಅವೇ ಎರಡು ಆಯ್ಕೆ. ಅದೇ ಕೋಚ್ ಹೆಸರು ಹಾಕಿ, ಓದು ಅಂತ ಒತ್ತಿದೆ. ಕೆಳಗೆ ‘ಇತರೆ ವಿವರ’ ಅಂತ ಒಂದು ಚಿಕ್ಕ ಡಬ್ಬಿ ಇದೆ, ಹೋದ ಸಲ ಕಣ್ಣಿಗೆ ಬಿದ್ದಿರಲಿಲ್ಲ. ಅದರಲ್ಲಿ ‘ಎರಡೂ’ ಅಂತ ಟೈಪ್ ಮಾಡಿ ಕಳಿಸಿದ್ದೇನೆ.